ಉಳಿದ ಮಾತ್ರೆಗಳು

ಮಳೆ ಹಿಡಿದು ಶಾಲೆ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಯಾರಿಗಾದರೊಬ್ಬರಿಗೆ ಗಂಟಲು ನೋವು. ನಾವು ಐದು ಮಂದಿ ಮಕ್ಕಳು. ಅಮ್ಮಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಿದ್ದರು. ದಾದಿಮಾ ಜ್ಯೇಷ್ಠಮಧುವಿನ ಚೂರು ಕೊಟ್ಟು, ನೀರಿಗೆ ಓದಿ ಊದಿ ಕುಡಿಸುತ್ತಿದ್ದರು. ನಾಲ್ಕೈದು ದಿನಗಳಲ್ಲಿ ವಾಸಿಯಾಗುತ್ತಿತ್ತು. ಯಾರ ಮದ್ದು ಗೆದ್ದಿತೆಂದು ಅತ್ತೆ ಸೊಸೆಯರ ನಡುವೆ ಸಣ್ಣ ಮಾತೂ ನಡೆಯುತ್ತಿತ್ತು.

ನಿಜವೆಂದರೆ, ಮಕ್ಕಳ ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುವಂಥದು. ಮೂಗು ಸೋರುವುದು, ಕೆಮ್ಮು, ಒಡೆದ ದನಿ ಜೊತೆಗಿದ್ದರೆ ಸಾಮಾನ್ಯವಾಗಿ ಅದೇ. ಅದಕ್ಕೆ ಆಂಟಿಬಯಾಟಿಕ್ ಬೇಡ. ಬೆಚ್ಚಗಿನ ನೀರು, ಗಂಜಿ, ವಿಶ್ರಾಂತಿ ಸಾಕು. ಜೇನು ಕೊಡಬಹುದು, ಆದರೆ ಒಂದು ವರ್ಷ ತುಂಬದ ಕೂಸಿಗೆ ಕೂಡದು.

ಇನ್ನೊಂದು ಬಗೆಯ ನೋವಿದೆ. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಕೆಮ್ಮಿಲ್ಲದೆ ಥಟ್ಟನೆ ಜ್ವರ, ಉಗುಳು ನುಂಗಲಾಗದ ನೋವು, ಟಾನ್ಸಿಲ್ ಮೇಲೆ ಬಿಳಿ ಮಚ್ಚೆ, ಕತ್ತಿನಲ್ಲಿ ಗಂಟು. ಇದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ್ದಾಗಿರಬಹುದು. ಗಂಟಲಿನ ದ್ರವ ಪರೀಕ್ಷಿಸಿದರೆ ಖಚಿತವಾಗುತ್ತದೆ.

ನಮ್ಮ ಆಪಾಗೆ ಒಂಬತ್ತು ವರ್ಷವಿದ್ದಾಗ ಬಂದದ್ದು ಇದೇ. ಡಾಕ್ಟರು ಹತ್ತು ದಿನದ ಪೆನಿಸಿಲಿನ್ ಮಾತ್ರೆ ಬರೆದರು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು, ಆಪಾ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಬೀಡಿ ಕಟ್ಟಿದ ದುಡ್ಡಿನಲ್ಲಿ ತಂದ ಮಾತ್ರೆ! ಮುಂದೆ ನಮಗೆ ಬೇಕಾದೀತೆಂದು ಅಮ್ಮಿ ಉಳಿದದ್ದನ್ನು ಡಬ್ಬಿಯಲ್ಲಿಟ್ಟರು. ಅವನ್ನು ಬರಿಯ ನೆಗಡಿಗೆ ನುಂಗಿ ಮುಗಿಸಿದವರು ನಾವೇ.

ಮೂರು ವಾರದ ನಂತರ ಆಪಾಳ ಮೊಣಕಾಲು ಊದಿತು, ಆಮೇಲೆ ಹಿಮ್ಮಡಿಯ ಗಂಟು. ಬೆಳೆಯುವ ಹುಡುಗಿಯ ನೋವೆಂದು ಎಣ್ಣೆ ತಿಕ್ಕಿದೆವು. ಮೆಟ್ಟಿಲು ಹತ್ತುವಾಗ ಏದುಸಿರು ಬಂದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಅದು ರುಮ್ಯಾಟಿಕ್ ಜ್ವರ. ರೋಗಾಣುವಿನ ಮೇಲೆ ಎದ್ದ ದೇಹದ ಸೈನ್ಯ ಗುರುತು ತಪ್ಪಿ ಸ್ವಂತ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಹೊಡೆಯುತ್ತದೆ. ಕೀಲಿನ ನೋವು ಇಳಿಯಿತು, ಕವಾಟದ ಗಾಯ ಉಳಿಯಿತು. ಮತ್ತೆ ಆ ಜ್ವರ ಬಾರದಿರಲೆಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ, ವರ್ಷಗಟ್ಟಲೆ.

ಸಂಬಂಧ ಕುದುರಿದಾಗ ಆ ಸೂಜಿಯ ವಿಷಯ ಮುಚ್ಚಿಟ್ಟೆವು. ಸೂಜಿಯೂ ನಿಂತಿತು. ಮೊದಲ ಬಸಿರಿನಲ್ಲಿ ಉಸಿರು ಕಟ್ಟಿ ಆಪಾ ಆಸ್ಪತ್ರೆ ಸೇರಿದಾಗ ಗಂಡನ ಮನೆಯವರು, “ಇಷ್ಟು ದೊಡ್ಡ ಮಾತು ನಮಗೇಕೆ ಹೇಳಲಿಲ್ಲ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಲ್ಲಾಹನ ದಯೆ, ತಾಯಿ ಮಗು ಇಬ್ಬರೂ ಉಳಿದರು.

ಸ್ಟ್ರೆಪ್ ಸೋಂಕು ಶುರುವಾದ 9 ದಿನಗಳೊಳಗೆ ಔಷಧಿ ಆರಂಭಿಸಿ ಪೂರ್ತಿ ಮುಗಿಸಿದರೆ ಈ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದು. ಮಗು ಜೊಲ್ಲು ನುಂಗಲಾರದೆ ಸುರಿಸಿದರೆ, ಉಸಿರಾಡಲು ಕಷ್ಟಪಟ್ಟರೆ, ಗಂಟಲಲ್ಲಿ ಬೂದು ಪೊರೆ ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಮಗನಿಗೂ ಹತ್ತು ದಿನದ ಮಾತ್ರೆ ಬರೆದರು. ನಾಲ್ಕನೆಯ ದಿನ ಅವನು ಬ್ಯಾಟು ಹಿಡಿದು ಹೊರಟ. ಮಾತ್ರೆಯ ಪಟ್ಟಿಯನ್ನು ನಾವು ಡಬ್ಬಿಗೆ ಹಾಕುವುದರಲ್ಲಿದ್ದೆವು. ಮನೆಗೆ ಬಂದಿದ್ದ ಆಪಾ ಏನೂ ಹೇಳಲಿಲ್ಲ. ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು, ಕ್ಯಾಲೆಂಡರಿನಲ್ಲಿ ಉಳಿದ ಆರು ದಿನಗಳಿಗೆ ಸುತ್ತು ಹಾಕಿದಳು.