ಬ್ರಾಕೆನ್‌ಹೈಮಿನಲ್ಲಿ ಒಂದು ಹಗಲು

ಪರದೇಶ ಸಂಚಾರಕ್ಕೆ ಹೋದವರು ದೊಡ್ಡ ನಗರಗಳನ್ನು ನೋಡಿ ಬರುವುದು ವಾಡಿಕೆ. ನಮಗಾದರೋ ಜರ್ಮನಿಯ ಒಂದು ಸಣ್ಣ ಊರನ್ನು ಕಾಣಬೇಕೆಂಬ ಹಂಬಲವು ಬಹುದಿನಗಳಿಂದ ಇದ್ದಿತು. ಕಳೆದ ಶರತ್ಕಾಲದಲ್ಲಿ, ಸ್ಟುಟ್‌ಗಾರ್ಟಿನಲ್ಲಿ ಉದ್ಯೋಗದಲ್ಲಿರುವ ಮಗನನ್ನು ಕರೆದುಕೊಂಡು ಬ್ರಾಕೆನ್‌ಹೈಮಿಗೆ ಹೊರಟೆವು.

ಹೈಲ್‌ಬ್ರಾನ್ ನಗರಕ್ಕೆ ಸಮೀಪದಲ್ಲಿ, ತ್ಸಾಬರ್ ಎಂಬ ಹೊಳೆಯ ಕಣಿವೆಯಲ್ಲಿ ಈ ಊರಿರುವುದು. ದ್ರಾಕ್ಷಾಮದ್ಯವೇ ಇದರ ಜೀವನಾಧಾರ. ಸುತ್ತಣ ಇಳಿಜಾರುಗಳಲ್ಲೆಲ್ಲ ದ್ರಾಕ್ಷಿಬಳ್ಳಿಯ ಸಾಲುಗಳು. ನಮ್ಮಲ್ಲಿಯಂತೆ ಚಪ್ಪರವಿಲ್ಲ, ಗೂಟ ತಂತಿಗಳಿಗೆ ಹಬ್ಬಿಸಿರುವರು. ಚಳಿಯ ನಾಡಾದುದರಿಂದ ಬಿಸಿಲು ನೆರೆಬೀಳುವ ತೆಂಕಣ ಇಳಿಜಾರುಗಳಿಗೇ ಹೆಚ್ಚಿನ ಬೆಲೆ. ಲೆಂಬರ್ಗರ್, ಟ್ರೋಲಿಂಗರ್ ಎಂಬ ಜಾತಿಗಳು ಇಲ್ಲಿ ಪ್ರಸಿದ್ಧವಾದುವು. ನಾವು ಹೋದಾಗ ಕೊಯ್ಲು ನಡೆದಿದ್ದಿತು. ಮದ್ಯವನ್ನು ನಾವು ಮುಟ್ಟುವವರಲ್ಲ; ಹಣ್ಣನ್ನು ಮಾತ್ರ ಮನದಣಿಯೆ ತಿಂದೆವು.

ವುರ್ಟೆಂಬರ್ಗಿನ ಡ್ಯೂಕರು 16ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯರಮನೆಯ ಬಳಿ ಒಬ್ಬ ವೃದ್ಧರ ಪರಿಚಯವಾಯಿತು. ಪಶ್ಚಿಮ ಜರ್ಮನಿಗೆ 1949ರಲ್ಲಿ ಪ್ರಥಮ ರಾಷ್ಟ್ರಾಧ್ಯಕ್ಷರಾದ ಥಿಯೊಡೋರ್ ಹೊಯ್ಸ್‌ರು 1884ರಲ್ಲಿ ಈ ಊರಿನಲ್ಲೇ ಹುಟ್ಟಿದರೆಂದು ಅವರು ಹೆಮ್ಮೆಯಿಂದ ಹೇಳಿದರು. “ಹೆರ್ಮನ್ ಮೋಗ್ಲಿಂಗರನ್ನು ಬಲ್ಲಿರಾ?” ಎಂದು ಮಗನ ಮೂಲಕ ಕೇಳಿದೆವು. ವೃದ್ಧರು ತಲೆಯಲ್ಲಾಡಿಸಿದರು. ‘ತಮ್ಮೂರಿನವನನ್ನೇ ಅರಿಯರಲ್ಲಾ!’ ಎಂದು ನಮಗೆ ತುಸು ಕೋಪವೇ ಬಂದಿತು. ಅಷ್ಟರಲ್ಲಿ ಮಗನು ನಮ್ಮ ಕಡೆ ತಿರುಗಿ, “ಅಪ್ಪಾ, ಯಾರವರು?” ಎಂದನು.

ಆ ಪ್ರಶ್ನೆಯಿಂದ ನಮ್ಮ ತಲೆ ತಗ್ಗಿತು. ಅವನು ಹುಟ್ಟಿ ಬೆಳೆದುದು ಮಂಗಳೂರಿನಲ್ಲಿ!

ಮರಳುವಾಗ ದಾರಿಯುದ್ದಕ್ಕೂ ಅವನಿಗೆ ಹೇಳಿದೆವು: 1811ರಲ್ಲಿ ಈ ದ್ರಾಕ್ಷಿಯ ಊರಿನಲ್ಲಿ ಹುಟ್ಟಿದಾತನು 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ನಮ್ಮ ಕರಾವಳಿಗೆ ಬಂದನು, ಕನ್ನಡವನ್ನು ಕಲಿತನು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಕನ್ನಡದ ಮೊದಲ ವೃತ್ತಪತ್ರಿಕೆಗೆ ಸಂಪಾದಕನಾದನು. ತನ್ನ ಮತಪ್ರಚಾರಕ್ಕೆ ಬಂದವನೇ ಆದರೂ ನಮ್ಮ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚುಮಾಡಿಸಿದನು. 1881ರಲ್ಲಿ, ನೆಕ್ಕರ್ ನದಿಯ ದಡದ ಎಸ್ಲಿಂಗೆನ್ನಿನಲ್ಲಿ ಕಾಲವಾದನು.

ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಹುಟ್ಟಿದ ಮನೆ ಯಾವ ಬೀದಿಯಲ್ಲಿದೆ?” ಎಂದು ಕೇಳಿದನು. ಕೋಟೆಯನ್ನು ನೋಡಿ, ಹಣ್ಣನ್ನು ತಿಂದು, ವೃದ್ಧರ ಮೇಲೆ ಮುನಿದು ಹೊರಟ ನಾವು ಅದನ್ನು ವಿಚಾರಿಸಿಯೇ ಇರಲಿಲ್ಲ.

ತಿಂಗಳು ತಿಂಗಳೂ ಮನೆಯಲ್ಲಿ ಕನ್ನಡ ಪತ್ರಿಕೆಯನ್ನೋದುವ ವಾಚಕರು ಈ ಹೆಸರನ್ನು ತಮ್ಮ ಮಕ್ಕಳಿಗೆ ಒಮ್ಮೆಯಾದರೂ ಹೇಳಬೇಕೆಂದು ನಮ್ಮ ಬಿನ್ನಹ. ನಾವು ಬಹಳ ತಡಮಾಡಿದೆವು.