ಸೀಸನ್ನಿನಲ್ಲಿ ಕ್ಲಚ್ ಹೋದರೆ: ಮನೆ ಶೆಡ್ಡಿನ ನಾಲ್ಕು ದಿನ

ಕೋಲಾರದ ಕಡೆ ಟೊಮ್ಯಾಟೊ ಸೀಸನ್ನಿನಲ್ಲಿ ಗಾಡಿ ಕೆಟ್ಟು ನಿಂತರೆ ಏನಾಗುತ್ತೆ ಅಂತ ಗಾಡಿ ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣು ಕಾಯಲ್ಲ, ಮಂಡಿ ರೇಟೂ ಕಾಯಲ್ಲ. 15 ಕೆ.ಜಿ. ಬಾಕ್ಸಿಗೆ ಇವತ್ತು ಇರೋ ಬೆಲೆ ನಾಳೆ ಇರುತ್ತೆ ಅನ್ನೋ ಗ್ಯಾರಂಟಿ ಯಾರಿಗೂ ಇಲ್ಲ. ಅಂಥ ಹೊತ್ತಿನಲ್ಲೇ ನಮ್ಮ ಹಳೇ 407ರ ಕ್ಲಚ್ ಹೋಯಿತು.

ಗಾಡಿ ಓಡಿಸೋದು ಅಣ್ಣ. ರಿಪೇರಿಗೆ ಕೈ ಹಾಕೋದು ಚಿಕ್ಕಪ್ಪ. ಅವರು ಲಾರಿ ಕ್ಲೀನರ್ ಆಗಿ ಶುರು ಮಾಡಿ ಡ್ರೈವರ್ ಆದವರು, ಕೆಲಸ ಕಲಿತದ್ದೆಲ್ಲ ರಸ್ತೆ ಪಕ್ಕದಲ್ಲಿ. ನಮ್ಮದು ಪತ್ರಿಕೆಗೆ ಜಿಲ್ಲೆಯ ಸುದ್ದಿ ಕಳಿಸೋ ಕೆಲಸ. ಅಚ್ಚಾದ ಸುದ್ದಿಗೆ ಇಷ್ಟು ಅಂತ ಸಿಗುತ್ತೆ. ಹಾಗಾಗಿ ಮನೆ ನಡೆಯೋದು ಹೆಚ್ಚಾಗಿ ಗಾಡಿ ಬಾಡಿಗೆಯಿಂದಲೇ.

ಲೋಡ್ ಹಾಕಿಕೊಂಡು ದಿಣ್ಣೆ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಸುಟ್ಟ ವಾಸನೆ. ಪಟ್ಟಣದ ಗ್ಯಾರೇಜಿನಲ್ಲಿ ಆಗಲೇ ಗಾಡಿಗಳ ಸಾಲು ಇತ್ತು. "ಒಂದು ವಾರ ಆಗುತ್ತಣ್ಣಾ" ಅಂದರು. ಚಿಕ್ಕಪ್ಪ, "ಮನೇಲೇ ಇಳಿಸೋಣ ಬಿಡ್ರೋ, ಎರಡು ದಿನದ ಕೆಲಸ" ಅಂದರು.

ಕ್ಲಚ್ ಪ್ಲೇಟ್ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುತ್ತೆ. ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಗ್ಯಾರೇಜಿನಲ್ಲಿ ಇದಕ್ಕೆ ಗುಂಡಿ ಇರುತ್ತೆ, ಮೇಲೆ ತೊಲೆಗೆ ಚೈನ್ ಬ್ಲಾಕ್ ಇರುತ್ತೆ. ನಮ್ಮ ಶೆಡ್ಡಿನಲ್ಲಿ ಇರೋದು ಮಣ್ಣಿನ ನೆಲ, ಶೀಟಿನ ಚಾವಣಿ. ಚಿಕ್ಕಪ್ಪ ಎಲ್ಲಕ್ಕಿಂತ ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಎರಡು ಜಾಕಿಯಲ್ಲಿ ಮುಂಭಾಗ ಎತ್ತಿ, ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿದರು. "ಜಾಕಿ ಇರೋದು ಎತ್ತೋದಕ್ಕೆ, ಹೊರೋದಕ್ಕಲ್ಲ. ಬರೀ ಜಾಕಿ ನಂಬಿ ಯಾರೂ ಕೆಳಗೆ ನುಗ್ಗಬಾರದು" ಅಂತ ಎರಡೆರಡು ಸಲ ಹೇಳಿದರು. ಮನೆಯಲ್ಲಿ ರಿಪೇರಿ ಮಾಡೋರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು.

ಮೊದಲ ದಿನ ಬೋಲ್ಟುಗಳಿಗೇ ಹೋಯಿತು. ಮೇಲಿನ ಎರಡು ಬೋಲ್ಟು ಕಣ್ಣಿಗೆ ಕಾಣಲ್ಲ, ಕೈಯಲ್ಲಿ ತಡವಿಯೇ ಸ್ಪ್ಯಾನರ್ ಕೂರಿಸಬೇಕು. ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ಊಟ ಮಾಡಿ ಬಂದು ಮತ್ತೆ ತಿರುಗಿಸಿದೆವು. ಗೇರ್‌ಬಾಕ್ಸ್ ಜಾಕಿ ಮೇಲೆ ಇಳಿದಾಗ ಕತ್ತಲಾಗಿತ್ತು.

ಎರಡನೇ ದಿನ ಪ್ಲೇಟ್ ನೋಡಿದರೆ ರಿವೆಟ್ಟಿನ ತನಕ ಸವೆದಿತ್ತು. ಆ ರಿವೆಟ್ಟುಗಳು ಫ್ಲೈವೀಲಿಗೂ ಗೆರೆ ಕೊರೆದಿದ್ದವು. ಅದನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ದು ಮಟ್ಟ ಮಾಡಿಸಿದೆವು. ಹಳೇ ಪ್ಲೇಟನ್ನು ಕೈಯಲ್ಲೇ ಹಿಡಿದುಕೊಂಡು ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವರು ಪಕ್ಕದಲ್ಲಿಟ್ಟು ಅಗಲ ನೋಡಿ, "ಇದೇ ಬರುತ್ತೆ ತಗೊಳ್ಳಿ" ಅಂತ ಹೊಸದನ್ನು ಕೊಟ್ಟರು. ಮನೆಗೆ ಬಂದು ಗೇರ್‌ಬಾಕ್ಸಿನ ಶಾಫ್ಟಿಗೆ ಹಾಕಿದರೆ ಒಳಗೆ ಹೋಗಲೇ ಇಲ್ಲ. ಅಗಲ ಒಂದೇ, ನಡುವಿನ ತೂತಿನ ಹಲ್ಲುಗಳ ಲೆಕ್ಕ ಬೇರೆ! ಒಂದೇ ಹೆಸರಿನ ಗಾಡಿಯಾದರೂ ವರ್ಷ ಬದಲಾದ ಹಾಗೆ ಒಳಗಿನ ಸಾಮಾನು ಬದಲಾಗುತ್ತೆ. ವಾಪಸ್ ಒಯ್ದರೆ, "ಪ್ಯಾಕಿಂಗ್ ಬಿಚ್ಚಿದ್ದೀರಲ್ಲ" ಅಂತ ರಾಗ ಎಳೆದರು. ಕೊನೆಗೆ ಬದಲಿ ಕೊಡಲು ಒಪ್ಪಿದರು, ಆದರೆ ಸರಿಯಾದದ್ದು ಬೆಂಗಳೂರಿನಿಂದ ಬರಬೇಕಿತ್ತು.

ಮೂರನೇ ದಿನ ಸ್ಪ್ಯಾನರ್ ಮುಟ್ಟುವ ಕೆಲಸವೇ ಇರಲಿಲ್ಲ. ಸುಮ್ಮನೆ ಕೂರೋದು ಎಲ್ಲಕ್ಕಿಂತ ಕಷ್ಟ. ಬೆಳಗ್ಗೆಯೇ ನಮ್ಮ ಕಾಯಂ ರೈತರೊಬ್ಬರು ಫೋನ್ ಮಾಡಿದರು. "ಹಣ್ಣು ಬಿಡಿಸ್ತಾ ಇದ್ದೀವಪ್ಪಾ, 80 ಬಾಕ್ಸ್ ಆಗುತ್ತೆ. ಗಾಡಿ ಬರುತ್ತೋ ಇಲ್ವೋ ಒಂದು ಮಾತು ಹೇಳು." ಅಣ್ಣ ಒಂದು ಗಳಿಗೆ ಸುಮ್ಮನಿದ್ದು, "ಬೇರೆ ಗಾಡಿಗೆ ಹೇಳಿಬಿಡಣ್ಣಾ" ಅಂದರು. ಮಧ್ಯಾಹ್ನ ಇನ್ನೊಬ್ಬರಿಗೂ ಅದೇ ಉತ್ತರ. ಸೀಸನ್ನಿನ ನಡುವೆ ಬೇರೆ ಗಾಡಿ ಹಿಡಿದವರು ಸೀಸನ್ ಮುಗಿಯೋ ತನಕ ಅದರಲ್ಲೇ ಹೋಗೋದು ವಾಡಿಕೆ.

ನಾಲ್ಕನೇ ದಿನ ಪ್ಲೇಟ್ ಬಂತು. ಈಗ ಗೇರ್‌ಬಾಕ್ಸನ್ನು ಮತ್ತೆ ಎತ್ತಿ ಕೂರಿಸಬೇಕು. ಅದರ ಶಾಫ್ಟ್ ಪ್ಲೇಟಿನ ಹಲ್ಲುಗಳ ನಡುವೆ ಹಾದು ಫ್ಲೈವೀಲಿನ ಬೇರಿಂಗಿಗೆ ನೇರ ಹೋಗಬೇಕು, ಕೂದಲಷ್ಟು ಓರೆಯಾದರೂ ನಿಂತುಬಿಡುತ್ತೆ. ಪ್ಲೇಟ್ ನಡುಮಧ್ಯಕ್ಕೆ ಇರಲಿ ಅಂತ ಚಿಕ್ಕಪ್ಪ ಮರದ ಗೂಟವೊಂದನ್ನು ಶಾಫ್ಟಿನ ಅಳತೆಗೆ ಕೆತ್ತಿಸಿ ಇಟ್ಟುಕೊಂಡಿದ್ದಾರೆ. ಅದನ್ನು ತೂರಿಸಿ ಪ್ರೆಶರ್ ಪ್ಲೇಟ್ ಬಿಗಿ ಮಾಡಿದರು. ನಾವು ಜಾಕಿ ಒತ್ತಿದೆವು, ಅಣ್ಣ ಹಿಂದಿನಿಂದ ತಳ್ಳಿದರು. ಎರಡು ಗಂಟೆ ಬೆವರು ಸುರಿಸಿದ ಮೇಲೆ ಟಕ್ ಅಂತ ಕೂತಿತು.

ಲೆಕ್ಕ ಹಾಕಿದೆವು. ಉಳಿಸಿದ ಕೂಲಿಗಿಂತ ಕಳೆದುಕೊಂಡ ಬಾಡಿಗೆಯೇ ಹೆಚ್ಚು. ಆದರೆ ಗ್ಯಾರೇಜಿಗೆ ಬಿಟ್ಟಿದ್ದರೆ ಒಂದು ವಾರದ ಬಾಡಿಗೆ ಹೋಗುತ್ತಿತ್ತು. ನಮ್ಮನ್ನು ತಡೆದದ್ದು ಕೆಲಸ ಗೊತ್ತಿಲ್ಲದ್ದಲ್ಲ. ಒಂದು ಗುಂಡಿ, ಒಂದು ಚೈನ್ ಬ್ಲಾಕ್, ಸರಿಯಾದ ಒಂದು ಪ್ಲೇಟ್ ಇದ್ದಿದ್ದರೆ ಎರಡೇ ದಿನ. ಹಾಲಿಗೆ ಊರೂರಲ್ಲೂ ಡೇರಿ ಕಟ್ಟಿಕೊಂಡಿದ್ದೇವೆ. ಹತ್ತು ಗಾಡಿ ಇರೋ ಊರಿನವರು ಸೇರಿ ಒಂದು ಗುಂಡಿ, ಒಂದು ಚೈನ್ ಬ್ಲಾಕ್ ಮಾಡಿಕೊಳ್ಳೋದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ.

ಮುಂದೆ ಕಷ್ಟ ಇನ್ನೂ ಹೆಚ್ಚು. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿಎಸ್-6 ಗಾಡಿಗಳಲ್ಲಿ ಸೆನ್ಸರ್ ತೊಂದರೆ ಬಂದರೆ ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. ಚಿಕ್ಕಪ್ಪನ ಕಿವಿಗೆ ಇಂಜಿನ್ ಸದ್ದು ಗೊತ್ತು, ಕೋಡ್ ಗೊತ್ತಿಲ್ಲ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತ ನಮ್ಮೂರ ಹುಡುಗರು ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಇಬ್ಬರ ವಿದ್ಯೆಯೂ ಒಂದೇ ಶೆಡ್ಡಿನಲ್ಲಿ ಸೇರಿದರೆ ಊರಿಗೆ ಅನುಕೂಲ.

ಸದ್ಯಕ್ಕೆ ಇಷ್ಟು ಮಾಡಿ: ಸಾಮಾನು ತರುವಾಗ ಆರ್‌ಸಿಯಲ್ಲಿರುವ ಚಾಸಿ ನಂಬರ್ ಅಂಗಡಿಯವರಿಗೆ ಕೊಡಿ. ಹಳೇ ಭಾಗದ ಮೇಲಿನ ನಂಬರ್ ಫೋಟೊ ತೆಗೆದುಕೊಳ್ಳಿ. ಕ್ಲಚ್ ಪ್ಲೇಟಾದರೆ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ.

ಸೀಸನ್ ಮುಗಿದ ಮೇಲೆ ಗುಂಡಿ ತೆಗೆಸೋಣ ಅಂತ ಚಿಕ್ಕಪ್ಪ ಶೆಡ್ಡಿನ ನೆಲದಲ್ಲಿ ಸುಣ್ಣದ ಗೆರೆ ಎಳೆದಿದ್ದಾರೆ. ಆ ಇಬ್ಬರು ರೈತರಲ್ಲಿ ಒಬ್ಬರು ಮತ್ತೆ ಫೋನ್ ಮಾಡಿದ್ದಾರೆ. ಇನ್ನೊಬ್ಬರ ಫೋನ್ ಇನ್ನೂ ಬಂದಿಲ್ಲ.