ಕೆಂಪು ಪುಡಿ, ಬೂದು ಪುಡಿ

ಬೆಂಗಳೂರಿನ ಅಲ್ಲಾಳಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಮೂರನೇ ಮಹಡಿಯಲ್ಲಿ ಟಿ.ವಿ. ಸ್ಟ್ಯಾಂಡ್ ಕೂರಿಸುತ್ತಿದ್ದ ಹುಡುಗನ ಮೆಷೀನು ಗೋಡೆಯೊಳಗೆ ಅರ್ಧ ಬೆರಳು ಇಳಿದು ಅಲ್ಲೇ ಸುಮ್ಮನಾಯಿತು. ಇಡೀ ಕಟ್ಟಡ ‘ಅಬ್ಬ’ ಎಂದು ನಿಟ್ಟುಸಿರು ಬಿಟ್ಟರೆ, ಎರಡನೇ ಮಹಡಿಯಲ್ಲಿ ಒಬ್ಬರು ಮಾತ್ರ ಪೇಪರು ಮಡಿಸಿಟ್ಟು ಎದ್ದರು. ಆ ಮೌನ ಅವರ ಪಾಲಿಗೆ ಕರೆಯೋಲೆ. ಬಟ್ಟೆಯಂಗಡಿಯ ಚೀಲದಲ್ಲಿ ಬೆಚ್ಚಗಿದ್ದ ಕಾರ್ಡ್‌ಲೆಸ್ ಹ್ಯಾಮರ್ ಡ್ರಿಲ್ಲನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು. “ಯಾರೂ ಕರೆದಿಲ್ಲ ಕಣ್ರೀ” ಎಂಬ ಮನೆಯವರ ಮಾತು ಮೆಟ್ಟಿಲ ತಿರುವಿನವರೆಗೆ ಬಂದು ವಾಪಸು ಹೋಯಿತು.

ಮಕ್ಕಳು ಅವರನ್ನು ಡ್ರಿಲ್ ಅಂಕಲ್ ಎನ್ನುತ್ತಾರೆ. ದೊಡ್ಡವರು ಎದುರಿಗೆ ‘ಸಾರ್’ ಎಂದೂ ಬೆನ್ನ ಹಿಂದೆ ‘ಕೊರೆತ’ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಕೊರೆಯುವುದು ಎಂದರೆ ತೂತು ಮಾಡುವುದೂ ಹೌದು, ಕೇಳುವವರ ತಲೆ ತಿನ್ನುವುದೂ ಹೌದು. ಬಡಗಿಯ ಹಳೇ ಬೈರಿಗೆಗೂ ಈ ಎರಡನೆಯ ಅರ್ಥದ ಅಪವಾದ ತಪ್ಪಿಲ್ಲ. ಅಂಕಲ್ ಎರಡೂ ಕಸುಬಿನಲ್ಲಿ ನುರಿತವರು.

“ಕೊಡಿ ಅಂಕಲ್, ನಾಲ್ಕು ತೂತು ಹೊಡ್ಕೊಂಡು ಕೊಟ್ಬಿಡ್ತೀನಿ” ಎಂದ ಹುಡುಗ.

“ಕೊಡಲ್ಲಪ್ಪ. ನಾನೇ ಹೊಡೀತೀನಿ. ನೀನು ಏಣಿ ಹಿಡ್ಕೋ.”

“ಎಷ್ಟು ವೋಲ್ಟು? ನಮ್ಮ ಓನರ್ ಹತ್ರ ಇಪ್ಪತ್ತಿಂದಿದೆ. ಇದು ಹದಿನೆಂಟಾ?”

ಕೇಳಬಾರದಿತ್ತು. ಏಣಿ ಹತ್ತಿದ್ದವರು ಇಳಿದು ಬಂದರು. ಹದಿನೆಂಟರ ಬ್ಯಾಟರಿಯಲ್ಲೂ ಇಪ್ಪತ್ತರ ಬ್ಯಾಟರಿಯಲ್ಲೂ ಸಾಲಾಗಿ ಕೂತಿರುವುದು ಐದೇ ಲಿಥಿಯಂ ಸೆಲ್ಲು. ಕೆಲಸ ಮಾಡುವಾಗ ಒಂದೊಂದರದು 3.6 ವೋಲ್ಟ್ ಎಂದು ಹಿಡಿದರೆ ಒಟ್ಟು 18. ಈಗಷ್ಟೇ ಚಾರ್ಜಾಗಿ ಹೊರೆ ಇಲ್ಲದೆ ಕೂತಿರುವಾಗ ನಾಲ್ಕು ನಾಲ್ಕು ಎಂದು ಎಣಿಸಿದರೆ 20, ಅದಕ್ಕೆ ಬಾಲವಾಗಿ ‘ಮ್ಯಾಕ್ಸ್’. ಅಮೆರಿಕದ ಅಂಗಡಿಯಲ್ಲಿ ಇಪ್ಪತ್ತಾದದ್ದೇ ಯುರೋಪಿನಲ್ಲಿ ಹದಿನೆಂಟು. ಎಮ್ಮೆ ಒಂದೇ. ಹಾಲು ಕರೆಯುವ ಮುಂಚೆ ತೂಗಿದರೆ ಒಂದು ತೂಕ, ಕರೆದ ಮೇಲೆ ಇನ್ನೊಂದು. ಇಲ್ಲಿಯವರೆಗೆ ಅಂಕಲ್ಲಿಗೆ ನಗುವೇ ಇರುತ್ತದೆ. ಆದರೆ ಅಗ್ಗದ ಮೆಷೀನುಗಳ ಮೈಮೇಲೆ 48, 88 ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ‘ವಿಎಫ್’ ಎಂಬ ಮಾನವನ್ನು ಅಂಟಿಸಿರುತ್ತಾರಲ್ಲ, ಅದರ ಮಾತು ಬಂದರೆ ದನಿ ಏರುತ್ತದೆ. ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಅಯಸ್ಕಾಂತ ಅಂಟಿಸಿದವನನ್ನು ಹಿಡಿದು ಬಡಿಯುತ್ತೇವೆ. ಇವನಿಗೆ ಐದು ನಕ್ಷತ್ರ ಕೊಟ್ಟು ‘ಸೂಪರ್ ಪ್ರಾಡಕ್ಟ್’ ಎಂದು ಬರೆಯುತ್ತೇವೆ.

ನೋಡಬೇಕಾದ್ದು ಆಂಪಿಯರ್ ಅವರ್. ಹದಿನೆಂಟು ವೋಲ್ಟಿಗೆ 2 ಆಂಪಿಯರ್ ಅವರ್ ಇದ್ದರೆ 36 ವಾಟ್ ಅವರ್, 4 ಇದ್ದರೆ 72. ವಿಮಾನದವರು ನೋಡುವುದೂ ಇದನ್ನೇ. ವಿಮಾನದಲ್ಲಿ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ತರಬೇಕು, ಡ್ರಿಲ್ಲನ್ನು ಮಾತ್ರ ಕೈಚೀಲದಲ್ಲಿ ತರುವಂತಿಲ್ಲ. 100 ವಾಟ್ ಅವರ್‌ವರೆಗಿನ ಬ್ಯಾಟರಿಗೆ ವಿಶೇಷ ಅನುಮತಿಯ ರಗಳೆಯಿಲ್ಲ. ಗಂಡ ಹೆಂಡಿರನ್ನು ಬೇರೆ ಬೇರೆ ಬೋಗಿಯಲ್ಲಿ ಕೂರಿಸಿದ ಹಾಗೆ ಹೀಗೆ ಬಂದಿಳಿದ ಡ್ರಿಲ್ಲುಗಳು ಬಳ್ಳಾರಿ ರಸ್ತೆಯ ಟ್ಯಾಕ್ಸಿಗಳಲ್ಲಿ ಅಲ್ಲಾಳಸಂದ್ರವನ್ನು ದಾಟುತ್ತಲೇ ಇರುತ್ತವೆ. ಅಂಕಲ್ಲಿಗೂ ಮಗ ಒಂದು ತಂದಿದ್ದ. ಅದರ ಚಾರ್ಜರು ಅಮೆರಿಕದ 120 ವೋಲ್ಟಿಗಷ್ಟೇ ಒಗ್ಗಿದ್ದು. ನಮ್ಮ 230ಕ್ಕೆ ಸಿಕ್ಕಿಸಿದಾಗ ಅರ್ಧ ನಿಮಿಷ ಬದುಕಿತ್ತು. ಚಾರ್ಜರಿನ ಬೆನ್ನ ಮೇಲಿನ ಸಣ್ಣಕ್ಷರ ಓದುವ ಚಾಳಿ ಹತ್ತಿದ್ದು ಆಮೇಲೆ.

ಹುಡುಗ ಏಣಿ ಹಿಡಿದೇ ಇದ್ದ. ಅಂಕಲ್ ಬೆರಳ ಗೆಣ್ಣಿನಿಂದ ಗೋಡೆಯನ್ನು ಮೂರು ಕಡೆ ತಟ್ಟಿದರು. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ವೈರಿನ ಪೈಪು ಹಾದಿರುತ್ತದೆಂದು ಆ ಪಟ್ಟಿಯನ್ನು ಕಣ್ಣಲ್ಲೇ ಬಿಟ್ಟರು. ಡ್ರಿಲ್ ಬಿಟ್ಟಿಗೆ ಎಷ್ಟು ಆಳವೋ ಅಷ್ಟಕ್ಕೆ ಇನ್ಸುಲೇಷನ್ ಟೇಪು ಸುತ್ತಿದರು. ಕೊನೆಗೆ ಚೀಲದಿಂದ ಒಂದು ಲಗ್ನಪತ್ರಿಕೆ ಹೊರತೆಗೆದರು.

ಇದು ಅವರ ಸ್ವಂತ ವಿದ್ಯೆ. ದಪ್ಪ ಕಾಗದದ ಪತ್ರಿಕೆಯನ್ನು ದೊನ್ನೆಯ ಹಾಗೆ ಮಡಿಸಿ, ತೂತಿನ ಒಂದು ಅಂಗುಲ ಕೆಳಗೆ ಟೇಪಿನಿಂದ ಅಂಟಿಸಿದರೆ ಪುಡಿಯೆಲ್ಲ ಅದರೊಳಗೆ. ಸಾದಾ ಕಾಗದ ಬಾಗುತ್ತದೆ, ದಿನಪತ್ರಿಕೆ ಹರಿಯುತ್ತದೆ, ಕ್ಯಾಲೆಂಡರಿನ ಹಾಳೆಗೆ ಬೆನ್ನುಮೂಳೆಯಿಲ್ಲ. ವಧುವಿನ ತಂದೆ ಸಾಲ ಮಾಡಿ ಅಚ್ಚು ಹಾಕಿಸಿದ ಪತ್ರಿಕೆಯಷ್ಟು ಗಟ್ಟಿ ಕಾಗದ ಬೇರೆಲ್ಲೂ ಸಿಗುವುದಿಲ್ಲ. ಗಣಪತಿ ಇರುವ ಹೊದಿಕೆಯನ್ನು ಮನೆಯವರು ಮುಟ್ಟಗೊಡುವುದಿಲ್ಲವಾದ್ದರಿಂದ ಒಳಗಿನ ಹಾಳೆ ಮಾತ್ರ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡೂ ಭಾಗ ಹೀಗೆ ಒಂದೇ ಗೋಡೆಯ ಮೇಲೆ ಅಂಟಿಕೊಳ್ಳುತ್ತವೆ.

ಪುಡಿ ಹಿಡಿಯುವುದು ಬರೀ ನೆಲ ಗುಡಿಸುವ ಭಯಕ್ಕಲ್ಲ. ಪುಡಿ ನೋಡದೆ ಗೋಡೆ ಕೊರೆಯುವವನು ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯ. ಮೊದಲು ಬರುವುದು ಪುಟ್ಟಿಯ ಬಿಳಿ, ಆಮೇಲೆ ಗಾರೆಯ ಬೂದು. ಮೂರನೆಯ ಬಣ್ಣದಲ್ಲಿ ಗೋಡೆಯ ಜಾತಕವಿದೆ. ಕೆಂಪು ಬಂದರೆ ಇಟ್ಟಿಗೆ: ನಿಶ್ಚಿಂತೆಯಿಂದ ಹ್ಯಾಮರ್ ಹಾಕಿ. ತರಿತರಿಯಾದ ಬೂದು ಬಂದರೆ ಸಾಲಿಡ್ ಬ್ಲಾಕು, ಸ್ವಲ್ಪ ಬೆವರಬೇಕು. ಹಿಟ್ಟಿನಂಥ ತಿಳಿಬಣ್ಣದ್ದು ಸರಸರ ಸುರಿದರೆ ಎಎಸಿ ಬ್ಲಾಕು. ಅದು ಒಳಗೆಲ್ಲ ಗಾಳಿಗುಳ್ಳೆ ತುಂಬಿದ ರಸ್ಕು, ಹ್ಯಾಮರ್ ತಗುಲಿದರೆ ತೂತು ಹೋಗಿ ಇಲಿಬಿಲವಾಗುತ್ತದೆ. ಕಡುಬೂದು ಪುಡಿ ಚಿಟಿಕೆ ಚಿಟಿಕೆಯಾಗಿ ಬಂದು ಮೆಷೀನು ಅಳತೊಡಗಿದರೆ ಕಾಂಕ್ರೀಟು. ಅಲ್ಲಾಳಸಂದ್ರದ ಹಳೇ ಮನೆಗಳ ಕಲ್ಲಿನಿಂದ ಹಿಡಿದು ಬಡಾವಣೆಗಳ ಇಟ್ಟಿಗೆ, ಬ್ಲಾಕುಗಳವರೆಗೆ, ಅಲ್ಲಿಂದ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ‘ಮಿವಾನ್’ ಕಟ್ಟಡಗಳವರೆಗೆ, ಊರು ಬೆಳೆದ ಕತೆಯನ್ನು ಅಂಕಲ್ ಲಗ್ನಪತ್ರಿಕೆಯಲ್ಲಿ ಓದಿದ್ದಾರೆ.

ಪಕ್ಕದ ಬ್ಲಾಕಿನಲ್ಲೂ ಒಬ್ಬರು ಡ್ರಿಲ್ ಇಟ್ಟಿದ್ದಾರೆ. ಅವರಿಗೆ ಪುಡಿಯ ಗೊಡವೆಯಿಲ್ಲ. ಟೈಲಿರಲಿ, ಬ್ಲಾಕಿರಲಿ, ಮರವಿರಲಿ, ಸುತ್ತಿಗೆಯ ಚಿತ್ರದ ಮೇಲೆ ರಿಂಗನ್ನು ಒಮ್ಮೆ ತಿರುಗಿಸಿಟ್ಟವರು ಮತ್ತೆ ಮುಟ್ಟಿಲ್ಲ. ಟೈಲು ದಾಟುವವರೆಗೆ ಹ್ಯಾಮರ್ ಬೇಡ, ಮೇಲೊಂದು ಟೇಪು ಅಂಟಿಸಿ ನಿಧಾನ ತಿರುಗಿಸಿ ಎಂದರೆ ಕೇಳುವುದಿಲ್ಲ. ತೂತು ದೊಡ್ಡದಾದಾಗ ಅವರು ಹುಡುಕುವುದು ಪೊರಕೆ ಕಡ್ಡಿ. ಅದು ಸಾಲದಿದ್ದರೆ ಬೆಂಕಿಕಡ್ಡಿ. ಈ ಪೊರಕೆ ಕಡ್ಡಿಯ ವಿಷಯದಲ್ಲಿ ಅಂಕಲ್ಲಿಗೆ ತಮಾಷೆ ಹಿಡಿಸುವುದಿಲ್ಲ. ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತ 1911ರಲ್ಲಿ ತೂತಿನಲ್ಲಿ ತುಂಬಲು ಸೆಣಬಿನ ನಾರಿನಿಂದ ಮಾಡಿದ ಪ್ಲಗ್ಗಿಗೇ ರಾಲ್ ಪ್ಲಗ್ ಎಂಬ ಹೆಸರು ನಿಂತದ್ದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದನ್ನು ನೈಲಾನಿನಲ್ಲಿ ಮಾಡಿ, ಸ್ಕ್ರೂ ಬಿಗಿದಷ್ಟೂ ಅಗಲವಾಗಿ ಗೋಡೆಯನ್ನು ಕಚ್ಚುವ ಹಾಗೆ ರೂಪಿಸಿದ. ಇಷ್ಟೆಲ್ಲ ತಲೆ ಓಡಿದ ಮೇಲೂ ಎರಡು ಸಾವಿರ ರೂಪಾಯಿಯ ಗಡಿಯಾರವನ್ನು ನೆಲ ಗುಡಿಸುವ ಕಡ್ಡಿಗೆ ನೇತುಹಾಕುವುದೇ? ಆರು ಮಿಲಿಮೀಟರಿನ ಪ್ಲಗ್ಗಿಗೆ ಆರರದೇ ಬಿಟ್ಟು ಹಾಕಿದ್ದರೆ ಕಡ್ಡಿ ಯಾಕೆ ಬೇಕಿತ್ತು? ಹೀಗೆ ಕೇಳಿ ಅವರಿಬ್ಬರ ಮಾತು ನಿಂತು ಈಗ ಎಂಟು ತಿಂಗಳು.

ಪುಡಿಯನ್ನು ಓದುವ ಕಲೆ ಅಂಕಲ್ಲಿಗೆ ಬಂದದ್ದು ಬೋರ್‌ವೆಲ್ ಲಾರಿಯವರಿಂದ. ‘ಸಂದ್ರ’ ಎಂದರೆ ಸಮುದ್ರ, ಅಂದರೆ ಕೆರೆ. ಕೆರೆಯನ್ನೇ ಹೆಸರಿನಲ್ಲಿ ಇಟ್ಟುಕೊಂಡ ಊರಿನಲ್ಲೂ ನೀರಿಗಾಗಿ ನೆಲ ಕೊರೆದದ್ದಕ್ಕೆ ಲೆಕ್ಕವಿಲ್ಲ. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುವ ಆ ಲಾರಿಗಳದೂ ಹ್ಯಾಮರ್ ಡ್ರಿಲ್ಲಿನ ಕೆಲಸವೇ: ಕಂಪ್ರೆಸರಿನ ಗಾಳಿ ಕೊಳವೆಯ ತುದಿಗೆ ಹೋಗಿ ಅಲ್ಲಿರುವ ಸುತ್ತಿಗೆಯನ್ನು ಬಡಿಯುತ್ತದೆ, ಮೇಲಿನಿಂದ ಇಡೀ ಕೊಳವೆ ತಿರುಗುತ್ತದೆ. ಅದೇ ಗಾಳಿ ಪುಡಿಯನ್ನು ಮೇಲೆ ಎತ್ತಿ ತರುತ್ತದೆ. ಮೊದಲು ಕೆಮ್ಮಣ್ಣು, ಆಮೇಲೆ ಕಂದುಬಣ್ಣದ ಕೊಳೆತ ಕಲ್ಲು, ಕೊನೆಗೆ ಬೆಂಗಳೂರಿನ ಅಡಿಪಾಯವಾದ ನೈಸ್ ಶಿಲೆಯ ಬೂದಿಹಿಟ್ಟು. ಲಾಲ್‌ಬಾಗಿನ ಗುಡ್ಡದ ಮೇಲೆ ಕಡಲೆಕಾಯಿ ತಿನ್ನುತ್ತ ಕೂರುವ ಬಂಡೆಯೂ ಅದೇ, ಸುಮಾರು 300 ಕೋಟಿ ವರ್ಷದ್ದು. ರಿಗ್ಗಿನ ಮೇಸ್ತ್ರಿ ಮಾತಾಡುತ್ತಿರಲಿಲ್ಲ. ಆಗಾಗ ಒಂದು ಹಿಡಿ ಪುಡಿ ಎತ್ತಿ ಉಜ್ಜಿ, ಮೂಸಿ, ಎಸೆಯುತ್ತಿದ್ದ. ಅಂಕಲ್ ಎರಡು ರಾತ್ರಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡಿದರು. ನೀರು ಬಂತೇ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಅವರು ಪುಡಿಯ ಬಣ್ಣ ಹೇಳುತ್ತಾರೆ.

ಚಂದ್ರನ ಮೇಲೆ ಕೊರೆದವರದೂ ಇದೇ ಪಾಡು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಕೈಯಲ್ಲಿದ್ದದ್ದು ತಿರುಗುತ್ತ ಬಡಿಯುವ, ಬ್ಯಾಟರಿಯ ಡ್ರಿಲ್ಲು. ಮೂರು ಮೀಟರು ಇಳಿಯಬೇಕಿದ್ದ ತೂತು ಅರ್ಧಕ್ಕೇ ಹಟ ಹಿಡಿಯಿತು. ಮಣ್ಣಿನ ಮಾದರಿ ತುಂಬಿದ ಕೊಳವೆಯನ್ನು ಕೀಳಲು ಅವನೂ ಜೊತೆಗಾರನೂ ಹೆಗಲು ಕೊಟ್ಟು ಏದುಸಿರು ಬಿಟ್ಟರು. ಆದರೆ ಆ ಕೊಳವೆಯ ಪುಡಿಯಲ್ಲಿ ಹತ್ತಾರು ಪದರ ಓದಲು ಸಿಕ್ಕವು.

ಇತ್ತ ಮೂರನೇ ಮಹಡಿಯಲ್ಲಿ ಅಂಕಲ್ಲಿನ ಮೊದಲ ಎರಡು ತೂತು ಸಲೀಸಾಗಿ ಆದವು, ತರಿ ಬೂದು. ಮೂರನೆಯದೂ ಆಯಿತು. ನಾಲ್ಕನೆಯದಕ್ಕೆ ಪುಡಿ ಕಡುಬೂದಾಯಿತು, ಚಿಟಿಕೆಯಾಯಿತು, ಕೊನೆಗೆ ಒಂದು ಕೂದಲಿನಷ್ಟು ಹೊಳಪು ಕಾಣಿಸಿತು. ಕಂಬ. ಅದರೊಳಗಿನ ಕಂಬಿ. ಹ್ಯಾಮರ್ ಡ್ರಿಲ್ಲಿನ ಒಳಗಿರುವುದು ಕಚ್ಚು ಹಾಕಿದ ಎರಡು ಬಿಲ್ಲೆ. ಬೀಸುವ ಕಲ್ಲಿನ ಹಾಗೆ ಒಂದರ ಮೇಲೊಂದು ಉರುಳುತ್ತ ನಿಮಿಷಕ್ಕೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಬಾರಿ ಕುಟುಕುತ್ತವೆ. ಆದರೆ ಪ್ರತಿ ಕುಟುಕಿಗೂ ಬಲ ಬರುವುದು ಒತ್ತುವವನ ತೋಳಿನಿಂದ. ಅಂಕಲ್ ಒತ್ತಿದರು. ಬಿಟ್ಟಿನ ಮೂತಿ ಕೆಂಪಗಾಯಿತು, ಅಂಕಲ್ಲಿನದೂ.

ಅಷ್ಟರಲ್ಲಿ ಕರೆಂಟು ಬಂತು. ಹುಡುಗ ಏನೂ ಹೇಳದೆ ತನ್ನ ‘ಹಿಲ್ಟಿ’ಯನ್ನು ಎತ್ತಿಕೊಂಡ. ಅದು ಹಿಲ್ಟಿಯದಲ್ಲ, ಬೇರೆ ಯಾವುದೋ ಕಂಪನಿಯದು. ಬೆಂಗಳೂರಿನ ಕಾಲುಭಾಗದಷ್ಟೂ ಇಲ್ಲದ ಲಿಕ್ಟೆನ್‌ಸ್ಟೈನ್ ದೇಶದ ಕಂಪನಿಯ ಹೆಸರು ನಮ್ಮ ಕೆಲಸದ ಹುಡುಗರ ಬಾಯಲ್ಲಿ ಇಡೀ ಜಾತಿಗೇ ಅಂಟಿದೆ. ಅದರೊಳಗೆ ಪಿಸ್ಟನ್ನು ಗಾಳಿಯನ್ನು ಒತ್ತಿ, ಗಾಳಿ ಸುತ್ತಿಗೆಯನ್ನು ಎಸೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರವೇ ಏಟು, ಆದರೆ ಒಂದೊಂದೂ ಏಟೇ. ಹಿಡಿದವನು ಒತ್ತಬೇಕಾಗಿಲ್ಲ. ಕಂಬಿ ತಪ್ಪಿಸಲು ಹುಡುಗ ಒಂದಿಂಚು ಪಕ್ಕಕ್ಕೆ ಸರಿದ. ಅಂಕಲ್ ಕೆಳಗೆ ಲಗ್ನಪತ್ರಿಕೆ ಹಿಡಿದು ನಿಂತರು. ಹತ್ತು ಸೆಕೆಂಡು.

“ಅಂಕಲ್, ಈ ಕಾರ್ಡು ನಾನು ಇಟ್ಕೊಳ್ಲಾ?”

ಅಂಕಲ್ ಪುಡಿಯನ್ನು ಬಕೆಟ್ಟಿಗೆ ಕೊಡವಿ, ಪತ್ರಿಕೆಯಲ್ಲಿದ್ದ ಮುಹೂರ್ತದ ತಾರೀಖು ನೋಡಿದರು. ನಾಲ್ಕು ವರ್ಷ ಹಿಂದಿನದು.

“ಇಟ್ಕೋ. ಮನೇಲಿ ಇನ್ನೂ ನಲವತ್ತಿವೆ.”